ಪ್ಯಾಸೆಂಜರ್ ಬಂದರೆ ಲೆಕ್ಕ ಮುಗೀತು

ಯಾದವಗಿರಿಯಲ್ಲಿ ರೈಲು ಹಳಿಗೆ ಬೆನ್ನು ಹಾಕಿ ನಿಂತಿದ್ದ ಒಂದು ಹಳೇ ಬಂಗಲೆ. ಅದರಲ್ಲಿ ವಸಂತಮ್ಮನವರು ಸ್ಕೂಲು ನಡೆಸುತ್ತಿದ್ದರು. ಐವತ್ತಾರನೇ ಇಸವಿಯ ಮಾತು. ಮಕ್ಕಳು ನಲವತ್ತಮೂರು, ಮೇಷ್ಟ್ರುಗಳು ಇಬ್ಬರು, ಜವಾನ ನಾನೊಬ್ಬ. ಲೆಕ್ಕ, ಕನ್ನಡ ಎಲ್ಲ ವಸಂತಮ್ಮನವರದೇ. ಸಂಗೀತಕ್ಕೂ ಚಿತ್ರಕ್ಕೂ ಚೆಲುವರಾಜು ಮೇಷ್ಟ್ರು. ಹಾರ್ಮೋನಿಯಂ ಮುಚ್ಚಿ ಎದ್ದರೆ ಅದೇ ಕೈಗೆ ಸೀಮೆಸುಣ್ಣ. ಡ್ರಿಲ್ಲಿಗೆ ಪಟಾಲಮಿನಿಂದ ಪಿಂಚಣಿ ತಗೊಂಡು ಬಂದ ದೇವಯ್ಯನವರು.

ನನ್ನ ಕೆಲಸ ಗಂಟೆ ಹೊಡೆಯೋದು. ಮಾವಿನ ಮರಕ್ಕೆ ತೂಗುಹಾಕಿದ್ದ ಮೊಳದುದ್ದದ ಕಬ್ಬಿಣದ ಕಂಬಿ, ಅದೇ ಗಂಟೆ. ಕೆಲಸಕ್ಕೆ ಸೇರಿದ ದಿನ ವಸಂತಮ್ಮನವರು, "ಕೆಂಪಯ್ಯ, ಗಡಿಯಾರದಲ್ಲಿ ಹೊತ್ತು ನೋಡೋಕೆ ಬರುತ್ತೇನಪ್ಪ?" ಅಂದರು. ಮನೆಯಲ್ಲಿ ನನ್ನ ಹೆಂಡತಿ ಬೆಟ್ಟಮ್ಮ ತುಂಬಿದ ಬಸುರಿ. "ಬರುತ್ತೆ ಅಮ್ಮಾವ್ರೇ" ಅಂದುಬಿಟ್ಟೆ.

ಜಗಲಿಯ ಗೋಡೆ ಮೇಲಿನ ಆ ಗಡಿಯಾರ ನನ್ನ ಪಾಲಿಗೆ ಮೀಸೆ ತಿರುವುತ್ತಾ ನಿಂತ ಗೌಡನ ಹಾಗೆ. ಮುಖ ನೋಡಿದರೆ ಏನೂ ತಿಳಿಯದು. ನಾಲ್ಕು ದಿನದಲ್ಲೇ ನಾನು ಬೇರೆ ದಾರಿ ಕಂಡುಕೊಂಡೆ. ಅರಸೀಕೆರೆಯಿಂದ ಬರೋ ಪ್ಯಾಸೆಂಜರ್ ಕೂಗಿದರೆ ಲೆಕ್ಕ ಮುಗೀತು. ಗೂಡ್ಸ್ ಬಂದರೆ ಸಂಗೀತ ಮುಗೀತು. ಬರೀ ಎಂಜಿನ್ನು ಒಂಟಿಯಾಗಿ ಹೋದರೆ ಚಿತ್ರ ಮುಗೀತು. ಗಿರಣಿ ಕೂಗಿದರೆ ಡ್ರಿಲ್ಲು ಮುಗಿದು ಊಟ. ನಾಲ್ಕು ವರ್ಷ ಒಂದು ದಿನವೂ ತಪ್ಪಲಿಲ್ಲ. ವಸಂತಮ್ಮನವರು ಬಂದವರಿಗೆಲ್ಲ ಹೇಳೋರು: "ನಮ್ಮಲ್ಲಿ ಗಂಟೆಯೇ ಯಜಮಾನ. ಗಂಟೆ ಆಗದೆ ಯಾರೂ ಏಳೋಹಾಗಿಲ್ಲ, ನಾನೂ ಅಷ್ಟೆ."

ಐವತ್ತಾರರ ಆಷಾಢದಲ್ಲಿ ಇನ್ಸ್‌ಪೆಕ್ಟರು ಬರುತ್ತಾರೆ ಅಂತ ಕಾಗದ ಬಂತು. ಸ್ಕೂಲಿಗೆ ಇನ್ನೂ ಸರ್ಕಾರದ ಮಾನ್ಯತೆ ಇರಲಿಲ್ಲ. ಪಾಠ, ಸಂಗೀತ, ಚಿತ್ರ, ಡ್ರಿಲ್ಲು ಎಲ್ಲ ನೋಡಿ ಅವರು ರುಜು ಹಾಕಿದರೆ ಮಾನ್ಯತೆ. ಇಲ್ಲದಿದ್ದರೆ ಬಾಗಿಲು ಮುಚ್ಚೋದೇ. ವಸಂತಮ್ಮನವರು ಹದಿನೈದು ದಿನ ಸರಿಯಾಗಿ ಅನ್ನ ಮುಟ್ಟಲಿಲ್ಲ. ಅರ್ಧ ಗಂಟೆಗೆ ಸರಿಯಾಗಿ ಐದು ಲೆಕ್ಕ ಜೋಡಿಸಿ, ಮಕ್ಕಳಿಗೆ ಉರು ಹೊಡೆಸಿದ್ದರು.

ಸೋಮವಾರ ಇನ್ಸ್‌ಪೆಕ್ಟರ್ ನಂಜುಂಡಸ್ವಾಮಿಗಳು ಬಂದರು. ಕೈಯಲ್ಲಿ ಕೊಡೆ, ಮುಖದಲ್ಲಿ ಮೋಡ. ಆಕಾಶದಲ್ಲೂ ಮೋಡ, ನೆರಳು ನೋಡೋಣ ಅಂದರೆ ನೆರಳೇ ಇಲ್ಲ. ನಾನು ಸುತ್ತಿಗೆ ಹಿಡಿದು ಹಳಿ ಕಡೆ ಕಿವಿ ಕೊಟ್ಟು ನಿಂತೆ.

ಪ್ಯಾಸೆಂಜರ್ ಬರಲಿಲ್ಲ.

ಒಳಗೆ ಐದು ಲೆಕ್ಕವೂ ಮುಗಿದುಹೋಯಿತು. ಗಂಟೆ ಇಲ್ಲ. ಗಂಟೆಯೇ ಯಜಮಾನ ಅನ್ನೋ ಮಾತು ಆಗಲೇ ಇನ್ಸ್‌ಪೆಕ್ಟರಿಗೆ ಹೇಳಿಬಿಟ್ಟಿದ್ದ ವಸಂತಮ್ಮನವರು ಮತ್ತೆ ಮೊದಲನೇ ಲೆಕ್ಕಕ್ಕೆ ಕೈ ಹಾಕಿದರು. "ಒಂದು ಬುಟ್ಟಿಯಲ್ಲಿ..." ಅನ್ನುವಷ್ಟರಲ್ಲಿ ದೇವರಾಜು ಅನ್ನೋ ಹುಡುಗ ಎದ್ದು, "ಹದಿನೇಳು!" ಅಂದ.

ಇನ್ಸ್‌ಪೆಕ್ಟರು ಕನ್ನಡಕ ಏರಿಸಿದರು. "ಲೆಕ್ಕ ಇನ್ನೂ ಹೇಳೇ ಇಲ್ವಲ್ಲೋ?"

"ಬುಟ್ಟಿ ಲೆಕ್ಕಕ್ಕೆ ಹದಿನೇಳೇ ಸಾರ್."

"ಹೌದಾ? ನಾನೊಂದು ಹೇಳ್ತೀನಿ. ಇಪ್ಪತ್ತು ಮಾವಿನಹಣ್ಣು. ಮೂರು ಕೊಳೆತುಹೋಯ್ತು. ಉಳಿದಿದ್ದೆಷ್ಟು?"

ಹುಡುಗ ಬೆರಳು ಮಡಿಸಿದ, ಬಿಡಿಸಿದ, ಮುಖ ಅರಳಿತು. "ಹದಿನೇಳು! ನಾನು ಆವಾಗಲೇ ಹೇಳಲಿಲ್ವಾ ಸಾರ್?"

ಹೊರಗೆ ನಾನು ಬೆವೆತುಹೋಗಿದ್ದೆ. ಆಮೇಲೆ ಗೊತ್ತಾಯಿತು, ಹಳಿ ಮೇಲೆ ಗಾಳಿಗೆ ಮರ ಉರುಳಿತ್ತಂತೆ. ಮರ ತೆಗೆದರು ನೋಡಿ, ಹಿಂದೆ ನಿಂತಿದ್ದವೆಲ್ಲ ಮದುವೆ ದಿಬ್ಬಣದ ಹಾಗೆ ಒಟ್ಟಿಗೇ ಬಂದವು. ಪ್ಯಾಸೆಂಜರ್ ಕೂಗಿತು. ಹೊಡೆದೆ. ಮಕ್ಕಳು ಸಂಗೀತಕ್ಕೆ ಓಡಿದರು. ಚೆಲುವರಾಜು ಮೇಷ್ಟ್ರು ತಿದಿ ಒತ್ತಿ, ಗಂಟಲು ಸರಿಮಾಡಿಕೊಂಡು ಶ್ರುತಿ ಹಿಡಿಯುವುದರೊಳಗೆ ಗೂಡ್ಸ್ ಕೂಗಿತು. ಏನೋ ಎಡವಟ್ಟಾಗಿದೆ ಅಂತ ನನಗೂ ಅನ್ನಿಸಿತು. ಆದರೆ ನಾಲ್ಕು ವರ್ಷ ಸುಳ್ಳು ಹೇಳದ ರೈಲನ್ನು ಅನುಮಾನಿಸೋಕೆ ನಾನ್ಯಾರು? ಹೊಡೆದೆ. ಮೇಷ್ಟ್ರು ಹಾರ್ಮೋನಿಯಂ ಬಿಟ್ಟು ಕರಿಹಲಗೆಗೆ ಹಾರಿದರು. ದಸರಾ ಆನೆಯ ಬೆನ್ನು, ಸೊಂಡಿಲು ಬಂತು. ಕಾಲು ಬರುವ ಮೊದಲೇ ಒಂಟಿ ಎಂಜಿನ್ನು ಬಂತು. ಹೊಡೆದೆ.

ದೇವಯ್ಯನವರು ಇನ್ನೂ ಬೇಕಾದಷ್ಟು ಹೊತ್ತಿದೆ ಅಂತ ಹಿಂದುಗಡೆ ಕಾಫಿ ಕುಡಿಯುತ್ತಿದ್ದವರು, ಲೋಟ ಹಿಡಿದೇ ಓಡಿಬಂದು "ಅಟೆನ್ಷನ್!" ಅಂದರು. ಕಾಫಿ ಅರ್ಧ ಷರಟಿನ ಮೇಲೆ. ಅಷ್ಟರಲ್ಲಿ ತುಂತುರು ಹನಿ ಶುರುವಾಯಿತು.

"ಮಕ್ಕಳು ನೆನೀತಾವೆ, ಒಳಗೆ ಕರೀರಿ ಅಮ್ಮ" ಅಂದರು ಇನ್ಸ್‌ಪೆಕ್ಟರು.

ವಸಂತಮ್ಮನವರು ಹಲ್ಲು ಕಚ್ಚಿ ನನ್ನ ಕಡೆ ನೋಡಿದರು. "ಕೆಂಪಯ್ಯ, ಹೊಡಿ!"

ನನ್ನ ಬಾಯಿ ನನ್ನ ಕೈಲಿರಲಿಲ್ಲ. "ಗಿರಣಿ ಇನ್ನೂ ಕೂಗಿಲ್ಲವಲ್ಲ ಅಮ್ಮಾವ್ರೇ!"

ಇನ್ಸ್‌ಪೆಕ್ಟರು ಮರದ ಹತ್ತಿರ ಬಂದು, "ಗಿರಣಿಗೂ ಸ್ಕೂಲಿಗೂ ಏನಯ್ಯಾ ಸಂಬಂಧ?" ಅಂದರು. ಎಲ್ಲ ಹೇಳಿಬಿಟ್ಟೆ. ವಸಂತಮ್ಮನವರು ಕಂಬ ಹಿಡಿದುಕೊಂಡರು. ಇನ್ಸ್‌ಪೆಕ್ಟರ ಕೊಡೆ ಅಲ್ಲಾಡೋಕೆ ಶುರುವಾಯಿತು. ನೋಡಿದರೆ ಅವರು ನಗುತ್ತಿದ್ದರು. ಆದರೆ ರುಜು ಮಾತ್ರ ಹಾಕಲಿಲ್ಲ.

"ಕಾಲಿಲ್ಲದ ಆನೆ, ಬಾಯಿ ಬಿಡದ ಸಂಗೀತ. ಏನಂತ ಬರೆಯಲಿ? ಮುಂದಿನ ಸೋಮವಾರ ಬರ್ತೀನಿ. ಅಷ್ಟರಲ್ಲಿ ಇವನಿಗೆ ಗಡಿಯಾರ ಕಲಿಸಿ."

ವಸಂತಮ್ಮನವರು ನನ್ನನ್ನು ಬೈಯಲಿಲ್ಲ. ಒಂದನೇ ಕ್ಲಾಸಿನ ಹಲಗೆ ಮೇಲೆ ಮಕ್ಕಳ ಜೊತೆ ಕೂರಿಸಿದರು. ಪಕ್ಕದಲ್ಲಿ ಅಂಬುಜ ಅಂತ ಆರು ವರ್ಷದ ಹುಡುಗಿ, ಅವಳೇ ನನ್ನ ಗುರು. "ಚಿಕ್ಕ ಮುಳ್ಳು ಅಜ್ಜ ಕಣೋ ಕೆಂಪಯ್ಯ, ನಿಧಾನ. ದೊಡ್ಡದು ಮೊಮ್ಮಗ, ಓಡ್ತಾ ಇರತ್ತೆ. ಎಷ್ಟು ಸಲ ಹೇಳೋದು ನಿಂಗೆ?" ಮನೆಯಲ್ಲಿ ಬೆಟ್ಟಮ್ಮ, "ನೀನು ಕಲಿತು ಅಮಲ್ದಾರ ಆಗ್ಬುಟ್ಟೀಯ, ಮೊದಲು ಕಟ್ಟಿಗೆ ಒಡಿ" ಅನ್ನೋಳು. ಶನಿವಾರದ ಹೊತ್ತಿಗೆ ಬಂತು ನೋಡಿ. ಹತ್ತೂವರೆಗೆ ಅಜ್ಜ ಎಲ್ಲಿ, ಮೊಮ್ಮಗ ಎಲ್ಲಿ, ಕನಸಲ್ಲಿ ಕೇಳಿದರೂ ಹೇಳುತ್ತಿದ್ದೆ.

ಸೋಮವಾರ ಬಿಸಿಲಿತ್ತು. ಇನ್ಸ್‌ಪೆಕ್ಟರು ಒಳಗೆ ಕೂತರು. ನಾನು ಗಡಿಯಾರದ ಎದುರು ನಿಂತೆ. ಹತ್ತು ಗಂಟೆ ಇಪ್ಪತ್ತು ನಿಮಿಷ. ಸ್ವಲ್ಪ ಹೊತ್ತು ಬಿಟ್ಟು ನೋಡಿದೆ, ಹತ್ತು ಇಪ್ಪತ್ತು. ಮತ್ತೆ ನೋಡಿದೆ, ಅಷ್ಟೇ. ಅಜ್ಜನಂತೂ ನಿಧಾನ, ಮೊಮ್ಮಗನಿಗೇನಾಯಿತು? ಅಷ್ಟರಲ್ಲಿ ಪ್ಯಾಸೆಂಜರ್ ಕೂಗಿತು.

ಹೋದ ವಾರ ಮುಳುಗಿಸಿದ್ದು ಇದೇ ರೈಲು. ಗಡಿಯಾರಕ್ಕೆ ಕಿವಿ ಇಟ್ಟೆ, ಸದ್ದಿಲ್ಲ. ದಿನಾ ಬೆಳಿಗ್ಗೆ ಕೀ ಕೊಡುತ್ತಿದ್ದ ವಸಂತಮ್ಮನವರು ಅವತ್ತಿನ ಗಾಬರಿಯಲ್ಲಿ ಮರೆತಿದ್ದರು. ಅಂಗಳ ನೋಡಿದೆ, ಮಾವಿನ ನೆರಳು ದಿನಾ ಲೆಕ್ಕ ಮುಗಿಯೋ ಹೊತ್ತಿನ ಹಾಗೇ ಎರಡನೇ ಮೆಟ್ಟಿಲು ಮುಟ್ಟಿತ್ತು. ರೈಲು ಒಂದು, ನೆರಳು ಒಂದು, ಎರಡು ಸಾಕ್ಷಿ ಸಾಕು. ಹೊಡೆದೆ.

ಇನ್ಸ್‌ಪೆಕ್ಟರು ಜೇಬಿನ ಗಡಿಯಾರ ತೆಗೆದು ನೋಡಿ ಹೊರಗೆ ಬಂದರು. "ಹತ್ತೂವರೆ, ಸರಿಯಾಗಿದೆ. ಗಡಿಯಾರ ನೋಡೇ ಹೊಡೆದ್ಯೇನಯ್ಯಾ?"

"ಗಡಿಯಾರಾನೂ ನೋಡ್ದೆ ಬುದ್ಧಿ."

ಸಂಗೀತ ಆಯಿತು. ಆನೆಗೆ ನಾಲ್ಕು ಕಾಲು ಬಂದವು, ಅವಸರಕ್ಕೆ ಬಾಲ ಎರಡಾಯಿತು. ಡ್ರಿಲ್ಲು ಅರ್ಧ ನೋಡಿ ಇನ್ಸ್‌ಪೆಕ್ಟರು ರುಜು ಹಾಕಿ ಹೊರಟರು. ವಸಂತಮ್ಮನವರು ಆ ಕಾಗದ ಎದೆಗೊತ್ತಿಕೊಂಡು ಜಗಲಿಗೆ ಬಂದವರು, ಗಡಿಯಾರ ನೋಡಿ ಹಾಗೇ ನಿಂತರು.

"ಕೆಂಪಯ್ಯ, ಇದು ನಿಂತುಹೋಗಿದೆಯಲ್ಲೋ!"

"ಬೆಳಿಗ್ಗೆಯಿಂದ ಅಂಗೇ ಐತೆ ಅಮ್ಮಾವ್ರೇ."

ಅವರು ಸ್ಟೂಲು ಹತ್ತಿ, ಕೀ ತಿರುವಿ, ಮುಳ್ಳಿಗೆ ಬೆರಳಿಟ್ಟು ನನ್ನ ಕಡೆ ತಿರುಗಿದರು. "ಎಷ್ಟಕ್ಕಿಡಲಪ್ಪಾ?"

"ಒಂಚೂರು ತಡೀರಿ ಅಮ್ಮಾವ್ರೇ" ಅಂದೆ. "ಗಿರಣಿ ಕೂಗ್ಲಿ."