ಕುಂಟು ಮೇಜಿನ ಕಾಗದಗಳು

ಚಪ್ಪಟೆ, ಎಲ್ಲವೂ ಚಪ್ಪಟೆ, ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಮೂವತ್ತೆರಡು ಫ್ರೇಮು, ಗಾಜಿನೊಳಗೆ ಇಸ್ತ್ರಿ ಹಾಕಿದ ಮೂವತ್ತೆರಡು ಕಾಗದ — ನಾನು ಕೊಟ್ಟಿದ್ದು ಇವನ್ನಲ್ಲ, ನಾನು ಕೊಟ್ಟಿದ್ದು ಹೆಬ್ಬೆರಳಿನಷ್ಟು ದಪ್ಪದ ಕಾಗದದ ಗಟ್ಟಿ ಮಡಿಕೆಗಳನ್ನು, ಅಲ್ಲಾಡುವ ಮೇಜಿನ ಕಾಲಿಗೆ ಜನ ಆರು ಸಲ ಏಳು ಸಲ ಮಡಚಿ ತುರುಕಿದ್ದನ್ನು, ಎರಡು ವರ್ಷ ಹೋಟೆಲು, ಬ್ಯಾಂಕು, ಹಲ್ಲಿನ ಡಾಕ್ಟರ ಶಾಪು ಅಂತ ಸುತ್ತಿ, ಮಂಡಿಯೂರಿ ಮೇಜಿನಡಿ ನುಗ್ಗಿ, ಏನ್ ಬಿತ್ತಮ್ಮಾ ಅಂತ ಸಪ್ಲೈಯರ್ ಕೇಳಿದರೆ ಕಿವಿಯೋಲೆ ಅಂತ ಬುರುಡೆ ಬಿಟ್ಟು, ಅದರ ಜಾಗಕ್ಕೆ ಬೇರೆ ರಟ್ಟು ಇಟ್ಟು ಎಗರಿಸಿ ತಂದದ್ದನ್ನು. ಯಾರ ಕಣ್ಣಿಗೂ ಬೀಳದ ವಸ್ತು, ಅದಿಲ್ಲದಿದ್ದರೆ ಮೇಜೇ ನಿಲ್ಲುವುದಿಲ್ಲ, ಆ ಮಡಿಕೆಯೇ ನನ್ನ ಕೃತಿ, ಅದು ಹೊತ್ತ ಭಾರವೇ, ಈಗ ಭಾರ ಎಲ್ಲಿದೆ, ಇದು ನೋಟಿಸ್ ಬೋರ್ಡು. ಗ್ಯಾಲರಿಗೆ ಫ್ರೇಮು ಕಟ್ಟಿಕೊಡುವ ಫ್ರೇಮಣ್ಣ ಏಣಿ ಹತ್ತಿ ಕೊನೆಯ ಮೊಳೆ ಹೊಡೆಯುತ್ತಿದ್ದಾನೆ, ಶಹಬಾಸ್‌ಗಿರಿಗೆ ಕಾಯುತ್ತಿದ್ದಾನೆ, ಒಂದೊಂದನ್ನೂ ನೀರು ಚಿಮುಕಿಸಿ ಬಿಚ್ಚಿದನಂತೆ, ಎರಡು ದಿನ ಹಲಗೆಯಡಿ ಒತ್ತಿದನಂತೆ, ಮುದುರಿದ್ದನ್ನ ಹಾಗೇ ಹಾಕಿದ್ರೆ ಜನ ನನ್ನ ಮುಖಕ್ಕೆ ಉಗೀತಾರೆ ತಂಗೀ, ಮೂವತ್ತು ವರ್ಷದ ಕಸುಬು ಇದು. ಗ್ಯಾಲರಿ ಮೇಡಂ ಬೇರೆ ಕೈಕಟ್ಟಿ ನಿಂತು ತಲೆದೂಗುತ್ತಾಳೆ, ಇದೇ ಚೆನ್ನಾಗಿದೆ ಕಣೇ, ಈಗ ಓದೋಕಾದ್ರೂ ಆಗುತ್ತೆ. ಓದೋಕೆ ನಾನೇನು ಲೈಬ್ರರಿ ಇಟ್ಟಿದ್ದೀನಾ, ಮೈಯೆಲ್ಲ ಉರಿಯುತ್ತಿದೆ, ಸುತ್ತಿಗೆ ಕಿತ್ತುಕೊಂಡು ಒಂದೊಂದೇ ಗಾಜಿಗೆ — ಹಾಲಿನ ಚೀಟಿ, ಜಾತ್ಯತೀತ ಅಂತ ಅರ್ಧಕ್ಕೆ ಹರಿದ ಕರಪತ್ರ, ಯಾರದೋ ಎಕ್ಸ್‌ರೇ ಕವರು, ಹದಿನೇಳನೆಯದು.

ಹದಿನೇಳನೆಯದು ಅಮ್ಮನ ಹೊಲಿಗೆ ಮೆಷಿನ್ನಿನ ಎಡಗಾಲಿನಡಿಯದು. ಹೋದ ತಿಂಗಳು ನಾನೇ ಎಳೆದು ತೆಗೆದೆ, ಕೈಯಲ್ಲಿ ಗುಂಡಿಯ ಕಾಜ ಹೊಲಿಯುತ್ತಿದ್ದವಳು ತಲೆಯೆತ್ತಿ, ಅದೊಂದು ಇರಲಿ ಬಿಡೇ, ಮೆಷಿನ್ ಕುಣಿಯುತ್ತೆ ಅಂದಳು, ಅಷ್ಟೇ ಅಂದಳು, ನಾನು ರಬ್ಬರ್ ತುಂಡು ಇಟ್ಟು ಈಗ ಕುಣಿಯಲ್ಲ ನೋಡು ಅಂತ ಹಲ್ಲು ಕಿರಿದೆ. ಗಾಜಿನೊಳಗೆ ಟೈಪು ಮಾಡಿದ ಅಕ್ಷರ, ನಕ್ಷೆ ವಿಭಾಗಕ್ಕೆ ಆಯ್ಕೆಯಾಗಿದ್ದೀರಿ, ಒಂದನೇ ತಾರೀಕು ಕೆಲಸಕ್ಕೆ ಹಾಜರಾಗತಕ್ಕದ್ದು, ಕೆಳಗಿನ ವರ್ಷ ನಾನು ಹುಟ್ಟಿದ ವರ್ಷ, ತಿಂಗಳೂ ಅದೇ, ಮೇಲೆ ಅಮ್ಮನ ಹೆಸರು, ಹೆಸರಿನ ಮೇಲೆ ಸರಿಯಾಗಿ ಮೆಷಿನ್ ಕಾಲಿನ ದುಂಡನೆಯ ತುಕ್ಕು. ಅಮ್ಮನಿಗೆ ನಕ್ಷೆ ಬರೆಯೋಕೆ ಬರುತ್ತಿತ್ತಾ, ಯಾಕೆ ಹೇಳಲಿಲ್ಲ, ನಿನ್ನಪ್ಪನ ಕಡೆಯಿಂದ ಬಂತು ಕೈಚಳಕ ಅಂತ ಎಲ್ಲರೆದುರು ಹೇಳಿಕೊಂಡು ತಿರುಗಿದೆಯಲ್ಲ ಅಮ್ಮ, ಹರಿದು ಬಿಸಾಕಬಾರದಿತ್ತಾ, ಇಪ್ಪತ್ತಾರು ವರ್ಷ ಅದರ ಮೇಲೇ ಮೆಷಿನ್ ನಿಲ್ಲಿಸಿ ಪೆಡಲು ತುಳಿಯೋದಾ — ನಾನಾದರೂ ಒಂದು ಸಲ ಬಿಚ್ಚಿ ನೋಡಲಿಲ್ಲವಲ್ಲ, ಮಡಿಕೆಯೇ ಮುಖ್ಯ ಅಂತೆ, ಯಾರೂ ನೋಡದ್ದನ್ನು ನಾನು ನೋಡುತ್ತೇನೆ ಅಂತ ಪ್ರದರ್ಶನದ ಕರಪತ್ರದಲ್ಲಿ ಅಚ್ಚು ಹಾಕಿಸಿದ್ದೀನಿ, ಥೂ. ಐದಕ್ಕೆ ಉದ್ಘಾಟನೆ, ಅಮ್ಮ ಬರುತ್ತಾಳೆ, ಇದೊಂದನ್ನ ಇಳಿಸಿ ಅಂದೆ, ಹುಚ್ಚಾ ನಿಂಗೆ, ಇಡೀ ಶೋಗೆ ಜೀವ ಇರೋದೇ ಅದರಲ್ಲಿ ಅಂದಳು ಮೇಡಂ, ನಾನೇ ಏಣಿಗೆ ಕಾಲಿಟ್ಟೆ, ಹಿಂದಿನಿಂದ ಚಪ್ಪಲಿ ಸದ್ದು, ಗೊತ್ತು ಆ ಸದ್ದು, ಎಲ್ಲ ಕಡೆಗೂ ಅರ್ಧ ಗಂಟೆ ಮೊದಲೇ ಬರುವ ಹೆಂಗಸು. ಅಮ್ಮ ಬೇರೆ ಯಾವುದನ್ನೂ ನೋಡಲಿಲ್ಲ, ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ, ನೇರ ಅದರ ಮುಂದೆ. ಇದನ್ನ ಬಿಚ್ಚಿದ್ದು ಯಾರು, ಅಂದಳು, ಫ್ರೇಮಣ್ಣ ಹೆಮ್ಮೆಯಿಂದ ಬಾಯಿ ತೆರೆಯುವಷ್ಟರಲ್ಲಿ ನಾನೇ ಅಂದೆ, ನಾನೇ ಅಮ್ಮ, ಅವಳು ತಿರುಗಿ ನೋಡಲಿಲ್ಲ, ಬೆರಳು ಗಾಜಿನ ಮೇಲೆ, ತುಕ್ಕಿನ ದುಂಡು ಕಲೆಯ ಮೇಲೆ, ಉಗುರಿನಿಂದ ಕೆರೆಯುತ್ತಿದ್ದಾಳೆ, ಗಾಜು ಅಮ್ಮ ಅದು, ಗಾಜು, ಕೆರೆಯುತ್ತಿದ್ದಾಳೆ, ಹೆಸರಿನ ಮೇಲೆ ಆ ತುಕ್ಕು, ದುಂಡಗೆ, ಆ ತುಕ್ಕು