ಎಲ್ಲರ ಜೊತೆ ಹೇಳಿದ ಇಂಗ್ಲಿಷ್

ಭಾಂಡುಪ್‌ನ ಚಾಳಿನಲ್ಲಿ ಶೀಲಾವತಿ ಟೀಚರು ಇಂಗ್ಲಿಷ್ ಕ್ಲಾಸು ನಡೆಸುತ್ತಾರೆ. ಅವರು ಒಂದು ವಾಕ್ಯ ಹೇಳುತ್ತಾರೆ, ಹುಡುಗಿಯರೆಲ್ಲ ಒಟ್ಟಿಗೆ ಅದನ್ನೇ ಹೇಳುತ್ತಾರೆ. ಟೀಚರ ತಪ್ಪೆನ್ನುವಂತಿಲ್ಲ, ಅವರು ಕಲಿತದ್ದೂ ಹಾಗೆಯೇ. ಈಗಿನ ಪಾಠ ಶುಡ್, ಮಸ್ಟ್‌ಗಳ ಜೊತೆ ಬೈ ನೌ, ಫ್ರಮ್ ಹಿಯರ್ ಸೇರಿಸಿ ಮಾತಾಡುವುದು.

"ಹೀ ಶುಡ್ ಬಿ ಹೋಮ್ ಬೈ ನೌ!" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದವಳು ಸಪ್ನಾ. ವಿಕ್ರೋಳಿಯ ಆಫೀಸೊಂದರಲ್ಲಿ ಅವಳಿಗೆ ರಿಸೆಪ್ಷನ್ ಕೆಲಸ ಸಿಕ್ಕರೆ, ತಾಯಿ ಸೋಮವ್ವ ಸೊಂಟನೋವಿನಲ್ಲಿ ಸಿಮೆಂಟಿನ ಬುಟ್ಟಿ ಹೊರುವುದು ತಪ್ಪುತ್ತಿತ್ತು.

ಇಂಟರ್‌ವ್ಯೂನಲ್ಲಿ ಮೇಜಿನಾಚೆಯ ಹೆಂಗಸು ನಗುತ್ತಲೇ ಕೇಳಿದಳು, "ವೇರ್ ಡು ಯು ಲಿವ್?"

"ವೇರ್ ಡು ಯು ಲಿವ್" ಎಂದಳು ಸಪ್ನಾ, ಸ್ಪಷ್ಟವಾಗಿ.

ಇನ್ನೊಂದು ಪ್ರಶ್ನೆ ಬಂತು. ಅದನ್ನೂ ಹಾಗೆಯೇ ತಿರುಗಿ ಹೇಳಿದಳು. ಹೆಂಗಸಿನ ನಗು ಮಾಯವಾದಾಗ ತಪ್ಪು ತಿಳಿಯಿತು. ಆದರೆ ಒಬ್ಬಳೇ ಬಾಯಿ ತೆರೆದು ಅಭ್ಯಾಸವಿರಲಿಲ್ಲ. ಮುಂದಿನ ಪ್ರಶ್ನೆಗಳಿಗೆಲ್ಲ ಸುಮ್ಮನೆ ಕುಳಿತಳು.

ಸಂಜೆ ಸೋಮವ್ವ ಕೇಳಿದಳು, "ಏನಂದ್ರವಾ ಅವರು?"

"ಫೋನ್ ಮಾಡ್ತೀವಿ ಅಂದ್ರು."

"ಕೂಲಿ ಕೆಲಸ ಕೇಳಿದ್ರ ನಮ್ಮ ಮುಕಾದಮನೂ ಹಂಗ ಅಂತಾನ. ಅದು ಇಲ್ಲ ಅನ್ನೂ ಮಾತು ಬಿಡು." ತಾಯಿ ಮತ್ತೆ ಅಂದಳು, "ದಿನಾ ಅಷ್ಟು ಜೋರ ಹೇಳ್ತಿದ್ದೆಲ್ಲ, ಚಾಳಿಗೆಲ್ಲ ಕೇಳ್ತಿತ್ತು. ಅಲ್ಲೇನಾತು?"

"ಅಲ್ಲಿ ನಾ ಒಬ್ಬಾಕಿನ ಇದ್ನೆವ್ವಾ."

ಸೋಮವ್ವ ಮರುದಿನ ಬೆಳಿಗ್ಗೆ ಬುಟ್ಟಿಯ ಕೆಳಗೆ ತಲೆಗೆ ಇಡಬೇಕಾದ ಸಿಂಬಿಯ ಬಟ್ಟೆಯನ್ನು ಹಿಂಡಿ ಹಗ್ಗಕ್ಕೆ ಹಾಕಿದಳು.