ಅಳು ಬಾರದ ಮೂರು ದಿನ

ಕಬ್ಬಿನ ಲಾರಿ ಓಡಿಸುತ್ತಿದ್ದ ವಿಚಿಯನ್ ನಶೆಯ ಮಾತ್ರೆ ಬಿಡಿಸುವ ನಾಲ್ಕು ತಿಂಗಳ ಚಿಕಿತ್ಸೆ ಮುಗಿಸಿ ಥಾಯ್ಲೆಂಡಿನ ಉಡೋನ್ ಸೀಮೆಯ ತನ್ನ ಊರಿಗೆ ಬಂದ ಹತ್ತೊಂಬತ್ತನೆಯ ದಿನ ಅವನ ತಾಯಿ ತೀರಿಕೊಂಡಳು. ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತವಳು ಮತ್ತೆ ಏಳಲಿಲ್ಲ. ಮೊದಲು ನೋಡಿದವನು ಅವನೇ. ಪಕ್ಕದ ಮನೆಗೆ ಹೋಗಿ, ಅಕ್ಕಿ ಮುಗಿದಿದೆ ಎನ್ನುವ ದನಿಯಲ್ಲಿ ಸುದ್ದಿ ಹೇಳಿ ಬಂದ.

ಮಧ್ಯಾಹ್ನ ನೆಂಟರೆಲ್ಲ ಸೇರಿ, ಒಬ್ಬೊಬ್ಬರಾಗಿ ಶವದ ಕೈಮೇಲೆ ಮಲ್ಲಿಗೆ ನೀರು ಬಿಟ್ಟರು. ವಿಚಿಯನ್ ಬಟ್ಟಲು ಬಗ್ಗಿಸಿದ. ಒಳಗೆ ಏನೂ ಅಲುಗಲಿಲ್ಲ.

"ಕಲ್ಲು ಕಣ್ರೇ ಇವ್ನು," ಎಂದಳು ಚಿಕ್ಕಮ್ಮ, ಎಲ್ಲರಿಗೂ ಕೇಳುವಂತೆ. "ಗಿಡಕ್ಕೆ ನೀರು ಹಾಕಿದ ಹಾಗೆ ಹಾಕ್ತಿದಾನೆ."

ಆಸ್ಪತ್ರೆಯಲ್ಲಿ ಇದನ್ನು ಮೊದಲೇ ಹೇಳಿದ್ದರು. ಮಾತ್ರೆ ಬಿಟ್ಟವರಿಗೆ ಸುಖ ದುಃಖ ಎರಡೂ ಕೆಲವು ತಿಂಗಳು ಮರಗಟ್ಟಿರುತ್ತವಂತೆ. ಮತ್ತೆ ಚಟಕ್ಕೆ ಜಾರುವುದೂ ಆಗಲೇ ಅಂತೆ. ಆಸೆ ಹುಟ್ಟಿದರೆ ಬಚ್ಚಿಡಬೇಡ, ಯಾರಿಗಾದರೂ ಹೇಳಿಬಿಡು ಎಂದಿದ್ದರು.

ಮರುದಿನ ಅಡುಗೆ ಚಪ್ಪರದ ಹಿಂದೆ ತೊಂಗ್‌ದಿ ಸಿಕ್ಕ. ದೊಡ್ಡಪ್ಪನ ಮಗ, ಹಿಂದೆ ಒಂದೇ ಲಾರಿಯನ್ನು ಇಬ್ಬರೂ ನಿದ್ದೆ ತಡೆಯಲು ಮಾತ್ರೆ ತೆಗೆದುಕೊಂಡು ಸರದಿಯ ಮೇಲೆ ಓಡಿಸಿದವರು.

"ಜನ ಏನಂತಿದಾರೆ ಕೇಳಿಸ್ಕೊಂಡ್ಯಾ? ಅರ್ಧ ತಗೋ, ಅಳು ತಾನಾಗೇ ಬರುತ್ತೆ. ನಿಮ್ಮಮ್ಮಂಗೋಸ್ಕರ ಒಂದ್ಸಲ ಅತ್ತುಬಿಡು, ಆಮೇಲೆ ಬೇಕಾದ್ರೆ ಜನ್ಮದಲ್ಲಿ ಮುಟ್ಬೇಡ."

ಅವನ ಅಂಗೈಯಲ್ಲಿ ಎರಡೂ ತುದಿ ಮುಚ್ಚಿದ ಸ್ಟ್ರಾ ಚೂರಿನೊಳಗೆ ಕಿತ್ತಳೆ ಬಣ್ಣದ ಮಾತ್ರೆ ಇತ್ತು. ತೊಂಗ್‌ದಿ ಅದರ ತುದಿ ಕಚ್ಚಿ ಬಿಡಿಸಿದ. ಆ ಸಿಹಿ ವಾಸನೆಗೆ ವಿಚಿಯನ್‌ನ ಬಾಯಲ್ಲಿ ನೀರೂರಿತು. ತಾಯಿ ಸತ್ತಮೇಲೆ ಅವನ ಮೈಯಲ್ಲಿ ಜೀವ ಆಡಿದ್ದು ಅದೊಂದೇ ಸಲ. ಅದಕ್ಕೆ ತನ್ನ ಮೇಲೆ ಅಸಹ್ಯವೂ ಆಗಲಿಲ್ಲ. ಅತ್ತರೆ ಒಳ್ಳೆಯದೇ ಅನಿಸಿತು. ಕೈ ಚಾಚಿಯೂ ಬಿಟ್ಟಿದ್ದ. ಯಾಕೆ ಹಿಂದಕ್ಕೆಳೆದೆ ಎಂದು ಆಮೇಲೂ ಅವನಿಗೆ ಹೇಳಲು ಬರಲಿಲ್ಲ. ಕಾಲುಗಳು ಒಲೆಗಳ ಕಡೆ ನಡೆದವು.

ಅಲ್ಲಿ ಬುವಾ ಈರುಳ್ಳಿ ಹೆಚ್ಚುತ್ತಿದ್ದಳು. ಊರಿನ ಆರೋಗ್ಯ ಸ್ವಯಂಸೇವಕಿ. ಪ್ರತಿ ಮಂಗಳವಾರ ಅವನ ಮೂತ್ರ ಪರೀಕ್ಷೆ ಮಾಡುವವಳು.

"ಅಕ್ಕ, ತೊಂಗ್‌ದಿ ಹತ್ರ ಮಾತ್ರೆ ಇದೆ. ನಂಗೆ ಬೇಕು ಅನ್ನಿಸ್ತಿದೆ."

"ತಗೊಂಡ್ಯಾ?"

"ಇಲ್ಲ."

"ಸರಿ. ಕೂತ್ಕೊಂಡು ಈ ಬೆಳ್ಳುಳ್ಳಿ ಸುಲಿ."

ಅವನು ಕೂತ. "ಅಳು ಬರ್ತಿಲ್ಲ ಅಕ್ಕ."

"ಬರದಿದ್ರೆ ಬಿಡು. ಅಳೋರು ಬೇಕಾದಷ್ಟು ಜನ ಬಂದಿದಾರೆ, ಬೆಳ್ಳುಳ್ಳಿ ಸುಲಿಯೋರೇ ಇಲ್ಲ."

ಬುವಾ ಅಂಗಿಗೆ ಕೈ ಒರೆಸಿಕೊಂಡು ಚಪ್ಪರದ ಹಿಂದೆ ಹೋದಳು. ಸ್ವಲ್ಪ ಹೊತ್ತಿಗೆ ತೊಂಗ್‌ದಿಯ ಬೈಕು ಹೊರಟ ಸದ್ದಾಯಿತು. ವಾಪಸು ಬಂದವಳು, "ಕಾರ್ಯ ಮುಗಿಯೋವರೆಗೂ ನಿನ್ನ ಊಟ, ನಿದ್ದೆ ನಮ್ಮನೇಲಿ," ಎಂದು ಚಾಕು ಕೈಗೆತ್ತಿಕೊಂಡಳು.

ಮೂರನೆಯ ದಿನ ಎಲ್ಲರಂತೆ ಚಿತೆಯ ಮೇಲೆ ಮರದ ಸಿಪ್ಪೆಯಲ್ಲಿ ಮಾಡಿದ ಹೂವಿಟ್ಟಾಗಲೂ ಅವನ ಕಣ್ಣು ಒಣಗಿಯೇ ಇತ್ತು. ಚಿಕ್ಕಮ್ಮ ಮುಖ ತಿರುಗಿಸಿದಳು. ಅವನಿಗೆ ಹಸಿವಾಗಿತ್ತು.

ಮಂಗಳವಾರದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಅಂದೇ ಮಧ್ಯಾಹ್ನ ಲಾರಿ ಮಾಲೀಕನ ಮನೆಗೆ ಹೋಗಿ, ಇನ್ನು ಕೆಲಸಕ್ಕೆ ಬರುವುದಿಲ್ಲ ಎಂದ.

"ಯಾಕೋ? ಬೇರೆಯವ್ರು ಕರೆದ್ರಾ?"

"ಇಲ್ಲ ಯಜಮಾನ್ರೇ. ಲಾರಿ ಹತ್ತಿದ್ರೆ ಮಾತ್ರೆ ನೆನಪಾಗುತ್ತೆ."

ಹಾಗೆ ಬಾಯಿಬಿಟ್ಟು ಹೇಳುವುದು ಅವನಿಗೆ ಕಷ್ಟವೆನಿಸಲಿಲ್ಲ. ಹಗುರವಾಯಿತು ಎಂದೂ ಅನಿಸಲಿಲ್ಲ.